ಕನ್ನಡಿಯ ಕೆಳಗಿನ ಖಾನೆ

ಅಕ್ಕಲಕೋಟ ಹಾಗೂ ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಕನ್ನಡ ಹಳ್ಳಿಗಳಲ್ಲಿ ಮದುವೆಯ ಸಾಮಾನು ಹೊತ್ತ ಟೆಂಪೋ ಬೀಗರ ಮನೆಯ ಮುಂದೆ ಬಂದು ನಿಂತಿತೆಂದರೆ, ಅದರಿಂದ ಏನೇನು ಇಳಿಯುವುದೆಂಬುದು ನೆರೆದವರಿಗೆಲ್ಲ ಬಾಯಿಪಾಠ. ಮಂಚ, ಗಾದಿ, ಉಕ್ಕಿನ ಕಪಾಟು, ಹಂಡೆ-ಕೊಡಗಳು, ಎಲ್ಲಕ್ಕೂ ಕೊನೆಯಲ್ಲಿ, ಹಳೆಯ ಕೌದಿಯಲ್ಲಿ ಸುತ್ತಿ ಇಬ್ಬರು ಜೋಪಾನವಾಗಿ ಹಿಡಿದು ಇಳಿಸುವ ಆಳೆತ್ತರದ ಕನ್ನಡಿಯ ಮೇಜು. ನಮ್ಮ ಹೆಣ್ಣುಮಕ್ಕಳು ಇದನ್ನು ಡ್ರೆಸ್ಸಿಂಗ್ ಟೇಬಲ್ ಎನ್ನುತ್ತಾರೆ. ಹಿರಿಯರು ಕನ್ನಡಿ ಕಪಾಟು ಎಂದುಬಿಡುತ್ತಾರೆ. ಕೊಡುವ ತರುವ ಈ ಪದ್ಧತಿಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆಯೇ ಇದೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಆ ಮೇಜು ಮನೆಯೊಳಗೆ ಸೇರಿದ ಮೇಲೆ ಒಂದು ಸಂಗತಿಯನ್ನು ಗಮನಿಸಬೇಕು. ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲಿರುತ್ತದೆ. ಉಕ್ಕಿನ ಕಪಾಟಿನಲ್ಲಿ ಹೊಲದ ಕಾಗದಪತ್ರಗಳೂ ಬ್ಯಾಂಕಿನ ಪುಸ್ತಕಗಳೂ ಇರುತ್ತವೆ. ದೇವರ ಮನೆ ಎಲ್ಲರದು, ಅಡುಗೆಮನೆ ಎಲ್ಲರದು. ಹೊಸದಾಗಿ ಬಂದ ಹುಡುಗಿ ‘ಇದು ನನ್ನದು’ ಎಂದು ಎಳೆದು ತೆರೆಯಬಹುದಾದ ಜಾಗ ಇಡೀ ಮನೆಯಲ್ಲಿ ಆ ಕನ್ನಡಿಯ ಕೆಳಗಿನ ಎರಡು ಖಾನೆಗಳು ಮಾತ್ರ.

ಆ ಖಾನೆಗಳ ಒಳಗನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನಮ್ಮ ಬಹುದಿನದ ವಿಚಾರ. ಹಳ್ಳಿಯ ಶಾಲೆಯ ಮುಖ್ಯಾಧ್ಯಾಪಕರಿಗೆ ಸ್ನೋ-ಪೌಡರಿನ ಉಸಾಬರಿ ಏಕೆ ಎಂದು ಓದುಗರು ನಕ್ಕಾರು. ನಗಲಿ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಮುಖಗಳನ್ನು ದಿನವೂ ನೋಡುವವರು ನಾವು. ಯಾವ ಮಗುವಿನ ಕಣ್ಣು ಕೆಂಪಗಾಗಿದೆ, ಯಾವ ಹುಡುಗಿಯ ಹಣೆಯ ಮೇಲೆ ಹುಣ್ಣು ಎದ್ದಿದೆ, ಯಾರ ತಲೆಯ ಹೇನು ಯಾರ ತಲೆಗೆ ದಾಟಿದೆ ಎಂಬುದು ತಾಯಂದಿರಿಗಿಂತ ಮೊದಲು ಕೆಲವೊಮ್ಮೆ ನಮಗೆ ಗೊತ್ತಾಗುತ್ತದೆ. ಅದೂ ಅಲ್ಲದೆ, ಪಾಲಕರ ಸಭೆಗೆ ಬಂದ ಹೆಣ್ಣುಮಕ್ಕಳು ಸೆರಗಿನ ಮರೆಯಿಂದ ಒಂದು ಟ್ಯೂಬನ್ನು ಹೊರತೆಗೆದು, “ಗುರುಗಳ, ಇದರ ಮ್ಯಾಲ ಏನು ಬರದಾರ ಒಂದೀಟು ಓದಿ ಹೇಳ್ರಿ” ಎಂದು ಕೇಳುವುದುಂಟು. ನಮ್ಮ ಭಾಗದ ಅಜ್ಜಿಗೆ ಬರುವುದು ಕನ್ನಡದ ಅಕ್ಷರ, ಅಂಗಡಿಯ ಹಲಗೆಯ ಮೇಲಿರುವುದು ಮರಾಠಿ, ಡಬ್ಬಿಯ ಮೇಲಿರುವುದು ಎಳ್ಳುಕಾಳಿನಷ್ಟು ಸಣ್ಣ ಇಂಗ್ಲಿಷ್. ಮುಖಕ್ಕೆ ಹಚ್ಚುವ ವಸ್ತುವಿನ ಹೆಸರನ್ನೇ ಓದಲಾರದೆ ಹಚ್ಚಿಕೊಳ್ಳುವ ಸ್ಥಿತಿ ಇದು.

ಹಳೆಯ ಪೆಟ್ಟಿಗೆ

ನಮ್ಮ ಅಜ್ಜಿಯರ ಕಾಲದಲ್ಲಿ ಮೇಜು ಇರಲಿಲ್ಲ, ಪೆಟ್ಟಿಗೆಯಿತ್ತು. ಮರಾಠಿಯಲ್ಲಿ ಅದಕ್ಕೆ ಫಣೀ-ಕರಂಡ್ಯಾಚೀ ಪೇಟೀ ಎಂದು ಹೆಸರು. ಫಣಿ ಎಂದರೆ ಹಣಿಗೆ, ಕರಂಡಾ ಎಂದರೆ ನಮ್ಮ ಕರಡಿಗೆ. (ಇಷ್ಟಲಿಂಗವನ್ನಿಡುವ ಬೆಳ್ಳಿಯ ಸಂಪುಟಕ್ಕೂ ನಾವು ಕರಡಿಗೆಯೆಂದೇ ಹೇಳುತ್ತೇವಷ್ಟೆ, ಬೆಲೆಯುಳ್ಳದ್ದನ್ನು ಮುಚ್ಚಿಡುವ ಪುಟ್ಟ ಪಾತ್ರೆಗೆಲ್ಲ ಒಂದೇ ಮಾತು.) ಮುಚ್ಚಳವನ್ನೆತ್ತಿದರೆ ಅದರ ಒಳಮೈಗೆ ಕೂಡಿಸಿದ ಕನ್ನಡಿ ಓರೆಯಾಗಿ ನಿಲ್ಲುತ್ತಿತ್ತು. ಕೆಳಗೆ ಮನೆಮನೆಯಾಗಿ ಪಾಲು ಮಾಡಿದ ಖಣಗಳು. ಒಂದರಲ್ಲಿ ಕುಂಕುಮದ ಭರಣಿ, ಒಂದರಲ್ಲಿ ಮೇಣ, ಒಂದರಲ್ಲಿ ಕಾಡಿಗೆ, ಉದ್ದನೆಯದರಲ್ಲಿ ಮರದ ಹಣಿಗೆ ಮತ್ತು ಹೇನು ತೆಗೆಯುವ ಸೀರಣಿಗೆ, ಮೂಲೆಯಲ್ಲಿ ಜಡೆಯ ಚೌರಿ. ಮುಂಜಾವಿನಲ್ಲಿ ಪಡಸಾಲೆಯ ಬೆಳಕಿಗೆ ಪೆಟ್ಟಿಗೆಯನ್ನು ತಂದು, ಮುಂದಿಟ್ಟುಕೊಂಡು ಕುಳಿತು, ಹಣೆಗೆ ಮೊದಲು ಮೇಣವನ್ನು ದುಂಡಗೆ ತೀಡಿ, ಅದರ ಮೇಲೆ ಒಣ ಕುಂಕುಮವನ್ನು ಬೆರಳಿನಿಂದ ಒತ್ತುತ್ತಿದ್ದರು. ಮೇಣದ ಹಿಡಿತದಿಂದ ಬೊಟ್ಟು ಸಂಜೆಯವರೆಗೆ ಕದಲುತ್ತಿರಲಿಲ್ಲ. ಮುಗಿದ ಮೇಲೆ ಎಲ್ಲವನ್ನೂ ಅದರದರ ಮನೆಯಲ್ಲಿಟ್ಟು ಮುಚ್ಚಿದರೆ ಪೆಟ್ಟಿಗೆ ಗೋಡೆಯ ಗೂಡು ಸೇರುತ್ತಿತ್ತು. ಎರಡಡಿ ದಪ್ಪದ ಮಣ್ಣಿನ ಗೋಡೆಯೊಳಗಿನ ಗೂಡಿನಲ್ಲಿ ಚೈತ್ರ-ವೈಶಾಖದಲ್ಲಿಯೂ ತಂಪು.

ಆ ಪೆಟ್ಟಿಗೆಯ ಶಿಸ್ತು ಅಜ್ಜಿಯರ ಸ್ವಭಾವದಿಂದ ಬಂದುದಲ್ಲ. ಪೆಟ್ಟಿಗೆಯ ಕಟ್ಟಡದಿಂದ ಬಂದುದು. ಖಣಕ್ಕೆ ಹಿಡಿಸದ ವಸ್ತು ಒಳಗೆ ಹೋಗುವಂತೆಯೇ ಇರಲಿಲ್ಲ. ಒಂದು ಹೊಸದು ಬರಬೇಕಾದರೆ ಹಳೆಯದೊಂದು ಮುಗಿಯಬೇಕು. ಜೊತೆಗೆ, ಇದ್ದ ಐದಾರು ವಸ್ತುಗಳ ಹುಟ್ಟು-ಬೆಳವಣಿಗೆಯೆಲ್ಲ ಮನೆಯವರಿಗೆ ತಿಳಿದಿರುತ್ತಿತ್ತು. ಕಾಡಿಗೆಯನ್ನು ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಮಗುಚಿ, ಅದಕ್ಕೆ ಹತ್ತಿದ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿ ಮನೆಯಲ್ಲಿಯೇ ಮಾಡುತ್ತಿದ್ದರು. ಕುಂಕುಮವನ್ನು ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋದವರು ತರುತ್ತಿದ್ದರು. ನಮ್ಮ ಜಿಲ್ಲೆಯದೇ ಆದ ಕರಮಾಳಾ ತಾಲೂಕಿನ ಕೇಮ್ ಗ್ರಾಮದ ಕುಂಕುಮಕ್ಕೂ ಹೆಸರಿದೆ. ಅರಿಸಿನವು ಸುಣ್ಣ, ಬಿಳಿಗಾರದಂಥ ಪದಾರ್ಥಗಳೊಡನೆ ಕೂಡಿದಾಗ ಕೆಂಪಾಗುವುದೇ ಈ ಕುಂಕುಮದ ಗುಟ್ಟು. ಸಾರಿನ ಕಲೆ ಬಿದ್ದ ಬಿಳಿ ಅಂಗಿಗೆ ಸಾಬೂನು ಉಜ್ಜಿದೊಡನೆ ಕಲೆ ಕೆಂಪಾಗುವುದನ್ನು ತೋರಿಸಿಯೇ ನಾವು ಆಮ್ಲ-ಪ್ರತ್ಯಾಮ್ಲಗಳ ಪಾಠವನ್ನು ಆರಂಭಿಸುತ್ತೇವೆ.

ಹಾಗೆಂದು ಅಂದಿನದೆಲ್ಲ ಶುದ್ಧ, ಇಂದಿನದೆಲ್ಲ ಕಲಬೆರಕೆ ಎಂದು ನಾವು ಹೇಳುವವರಲ್ಲ. ಪಾದರಸದ ಇಂಗಳೀಕ, ಸೀಸದ ಕೆಂಪು ಸಿಂಧೂರ ಇವೆರಡೂ ಪುರಾತನ ವಸ್ತುಗಳೇ. ಅಜ್ಜಿಯ ಭರಣಿಯಲ್ಲಿಯೂ ಅವು ಇದ್ದಿರಬಹುದು.

ಖಾನೆ ತುಂಬಿದ ಬಗೆ

ಮುಂಬಯಿಯಿಂದ ಅಫ್ಘಾನ್ ಸ್ನೋ ಬಂದಿತು. 1952ರಲ್ಲಿ ಟಾಟಾ ಸಂಸ್ಥೆಯವರು ಲ್ಯಾಕ್ಮೆ ಆರಂಭಿಸಿದರು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂದು, ಹೆಸರಿನೊಳಗಿನ ‘ಬಿಳುಪು’ ಟೀಕೆಗೆ ಗುರಿಯಾಗಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಒಂದು ರೂಪಾಯಿಯ ಪುಡಿಕೆಗಳು ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದಂತೆ ತೂಗಿದವು. ಈಗಂತೂ ಫೋನಿನಲ್ಲಿ ಬೆರಳೊತ್ತಿದರೆ ಸಾಮಾನು ಹಳ್ಳಿಯ ಕಟ್ಟೆಯವರೆಗೆ ಬರುತ್ತದೆ.

ಹೀಗೆ ಬಂದುದೆಲ್ಲ ಸೇರುವುದು ಆ ಎರಡು ಖಾನೆಗಳನ್ನೇ. ಒಮ್ಮೆ ಎಳೆದು ನೋಡಿರಿ. ಮುಚ್ಚಳವಿಲ್ಲದ ಲಿಪ್‌ಸ್ಟಿಕ್, ಕಲ್ಲಾದ ಉಗುರು ಬಣ್ಣ, ಅರ್ಧ ಹರಿದ ಶಾಂಪೂ ಪುಡಿಕೆ, ಒಂಟಿ ಕಿವಿಯೋಲೆ, ತುಕ್ಕು ಹಿಡಿದ ಪಿನ್ನು, ದಾಡಿಯ ಬ್ಲೇಡು, ಕರ್ಪೂರ, ಗಜಕರ್ಣಕ್ಕೆಂದು ತಂದ ಮುಲಾಮು, ಕೂದಲಿಗೆ ಹಚ್ಚುವ ಕಪ್ಪು ಬಣ್ಣ, ಮಗುವಿನ ಪೌಡರ್, ಇವೆಲ್ಲವುಗಳ ಮೇಲೆ ತೆಳ್ಳಗೆ ಹರಡಿದ ಕುಂಕುಮ. ಮೇಲೆ ನೋಡಿದರೆ ಕನ್ನಡಿಯ ಅಂಚಿನುದ್ದಕ್ಕೂ ಅಂಟಿಸಿದ ಟಿಕಳಿಗಳ ನಕ್ಷತ್ರಮಂಡಲ. ಅಸ್ತವ್ಯಸ್ತವಾಗಿದೆ ಎಂಬುದಷ್ಟೇ ಆಗಿದ್ದರೆ ನಾವು ಲೇಖನಿ ಎತ್ತುತ್ತಿರಲಿಲ್ಲ. ಈ ರಾಶಿಯಲ್ಲಿ ಮೈಗೆ ಒಳ್ಳೆಯದು ಯಾವುದು, ಕೆಟ್ಟುದು ಯಾವುದು, ವಿಷ ಯಾವುದು ಎಂಬ ಭೇದ ಅಳಿಸಿಹೋಗುತ್ತದೆ. ಖಾನೆಯ ಎತ್ತರವೋ ಸರಿಯಾಗಿ ಎರಡು ವರುಷದ ಕೂಸಿನ ಕೈಗೆ ನಿಲುಕುವಷ್ಟು!

ಜಿಲ್ಲಾ ಪರಿಷತ್ತಿನ ಶಾಲೆಗಳಲ್ಲಿ ಡೆಡ್ ಸ್ಟಾಕ್ ರಜಿಸ್ಟರ್ ಎಂಬುದೊಂದಿದೆ. ಮುರಿದ ಬೆಂಚು, ಹರಿದ ನಕಾಶೆ, ಕೈಯಿಲ್ಲದ ಗಡಿಯಾರ ಎಲ್ಲವೂ ಅದರಲ್ಲಿ ದಾಖಲಾಗಿರಬೇಕು. ಮೇಲಧಿಕಾರಿಗಳ ಒಪ್ಪಿಗೆಯಿಲ್ಲದೆ ಒಂದನ್ನೂ ಹೊರಗೆ ಹಾಕುವಂತಿಲ್ಲ. ನಮ್ಮ ಸೋದರಿಯರ ಅದೃಷ್ಟಕ್ಕೆ ಕನ್ನಡಿಯ ಖಾನೆಗೆ ಅಂಥ ನಿರ್ಬಂಧವಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ಎರಡೂ ಖಾನೆಗಳನ್ನು ಪೂರ್ತಿಯಾಗಿ ಹೊರಗೆಳೆದು ಬೋರಲು ಹಾಕಿರಿ. ಅರ್ಧರ್ಧ ತೆಗೆದು ಒರೆಸುವುದರಿಂದ ಏನೂ ಸಾಧಿಸದು. ಐದನೆಯ ಏಳನೆಯ ಇಯತ್ತೆ ಓದುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಡಬ್ಬಿಯ ಬರಹವನ್ನು ಗಟ್ಟಿಯಾಗಿ ಓದಿಸಿರಿ.

ಓದಿಸಬೇಕಾದುದು ಜಾಹೀರಾತಿನ ಮಾತನ್ನಲ್ಲ. 2020ರ ಸೌಂದರ್ಯವರ್ಧಕಗಳ ನಿಯಮಗಳಂತೆ ತಯಾರಕರ ಹೆಸರು-ವಿಳಾಸ, ಪರವಾನಿಗೆಯ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಂದಿನೊಳಗೆ ಬಳಸಬೇಕೆಂಬ ದಿನಾಂಕ ಮತ್ತು ಒಳಗಿನ ಪದಾರ್ಥಗಳ ಯಾದಿ ಡಬ್ಬಿಯ ಮೇಲಿರಬೇಕು. ಪರದೇಶದಿಂದ ಬಂದುದಾದರೆ ತರಿಸಿದವರ ಹೆಸರು-ವಿಳಾಸ ಹಾಗೂ ನೋಂದಣಿಯ ಸಂಖ್ಯೆ ಬೇಕು. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರದೊಳಗೆ 6 ಎಂದೋ 12 ಎಂದೋ ಅಂಕಿ ಇದ್ದು, ಅದರ ಮುಂದೆ ಎಮ್ ಅಕ್ಷರವಿದ್ದರೆ ಅದು ತಿಂಗಳ ಲೆಕ್ಕ: ತೆರೆದ ದಿನದಿಂದ ಅಷ್ಟು ತಿಂಗಳು ಮಾತ್ರ ಬಳಸಬೇಕೆಂದು ಅರ್ಥ. ಆದರೆ ಯಾವಾಗ ತೆರೆದೆವೆಂಬುದು ನೆನಪಿದ್ದರಲ್ಲವೆ? ಅದಕ್ಕಾಗಿ ತೆರೆದ ದಿನವೇ ಒಂದು ಅಂಟುಪಟ್ಟಿಯ ತುಂಡಿನ ಮೇಲೆ ದಿನಾಂಕ ಬರೆದು ಡಬ್ಬಿಯ ತಳಕ್ಕೆ ಹಚ್ಚಬೇಕು. ಖರ್ಚಿಲ್ಲದ ಈ ಒಂದು ರೂಢಿಯಿಂದ ಅರ್ಧ ಖಾನೆ ತಾನಾಗಿಯೇ ಬರಿದಾಗುವುದು.

ಕಣ್ಣು, ಹಣೆ, ಮುಖ

ಮೊದಲು ಕಣ್ಣಿನ ವಸ್ತುಗಳನ್ನು ಬೇರೆ ಮಾಡಿರಿ. ರೆಪ್ಪೆಗೆ ಹಚ್ಚುವ ಮಸ್ಕಾರಾದ ಕಡ್ಡಿಯನ್ನು ಪ್ರತಿ ಸಲವೂ ಕಣ್ಣಿಗೆ ತಾಗಿಸಿ ಮತ್ತೆ ತೇವದ ಕೊಳವೆಯೊಳಗೆ ತುರುಕುವುದರಿಂದ ಅದರಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಮೂರು ನಾಲ್ಕು ತಿಂಗಳಿಗೆ ಅದನ್ನು ಬಿಟ್ಟುಬಿಡುವುದು ಲೇಸು. ಒಣಗಿತೆಂದು ನೀರನ್ನೋ ಉಗುಳನ್ನೋ ಬೆರೆಸಿ ಮುಂದುವರಿಸುವುದು ಸರ್ವಥಾ ಸಲ್ಲದು. ಕಾಡಿಗೆಯ ಕಡ್ಡಿಯನ್ನಾಗಲಿ ಡಬ್ಬಿಯನ್ನಾಗಲಿ ತಾಯಿ-ಮಗಳು ಹಂಚಿಕೊಳ್ಳಬಾರದು. ಕಣ್ಣುಬೇನೆಯ ದಿನಗಳಲ್ಲಿ ಒಂದೇ ಡಬ್ಬಿಯಲ್ಲಿ ಅದ್ದಿದ ಬೆರಳು ಇಡೀ ಮನೆಗೆ ಬೇನೆಯನ್ನು ಹಂಚಬಲ್ಲದು. ಎಳೆಗೂಸಿನ ಕಣ್ಣಿಗಂತೂ ಕಾಡಿಗೆ ಬೇಡವೆಂದು ಮಕ್ಕಳ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ದೃಷ್ಟಿಯ ಭಯವಿದ್ದವರು ಕೂಸಿನ ಅಂಗಾಲಿಗೆ ಬೊಟ್ಟಿಡಲಿ. ನಮ್ಮ ಹಿರಿಯರೂ ಅದನ್ನು ಮಾಡುತ್ತಿದ್ದರು. ಜಾತ್ರೆಯಲ್ಲಿ ಮಾರುವ ಸುರ್ಮಾದಲ್ಲಿ ಸೀಸದ ಅದಿರು ಇರುವುದು ಹಲವು ಕಡೆ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುವಂಥದು. ಇಷ್ಟಾದರೆ ಅಪಾಯವಿಲ್ಲ ಎಂಬ ಸುರಕ್ಷಿತ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪಾಠ ತಲೆಗೆ ಹತ್ತದ ಮಗುವಿಗೆ ಬೈಯುವ ಮುನ್ನ ನಾವು ಶಿಕ್ಷಕರೂ ಯೋಚಿಸಬೇಕಾದ ವಿಷಯ ಇದು.

ಹಣೆಯ ವಸ್ತುಗಳಿಗೆ ಬರೋಣ. ಭರಣಿಯಲ್ಲಿರುವುದು ಅರಿಸಿನದ ಕುಂಕುಮವೋ, ಬಣ್ಣದ ಪುಡಿಯೋ, ಬೈತಲೆಗೆ ತುಂಬುವ ಸಿಂಧೂರವೋ? ಕಣ್ಣಿಗೆ ಮೂರೂ ಕೆಂಪು. ನಮ್ಮ ದೇಶದ ನಿಯಮದಂತೆ ಬಣ್ಣವುಳ್ಳ ಸೌಂದರ್ಯವರ್ಧಕಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 20 ಭಾಗವನ್ನು ಮೀರಕೂಡದು. ಆದರೆ 2017ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧಕರ ವರದಿಯೊಂದು ನ್ಯೂಜೆರ್ಸಿಯಲ್ಲಿ ಕೊಂಡ 95, ಮುಂಬಯಿ-ದಿಲ್ಲಿಗಳಲ್ಲಿ ಕೊಂಡ 23, ಹೀಗೆ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿ, ನಮ್ಮ ದೇಶದ ಮಾದರಿಗಳಲ್ಲಿ ಶೇ. 43ರಷ್ಟು ಈ ಮಿತಿಯನ್ನು ದಾಟಿದ್ದವೆಂದು ತೋರಿಸಿತು. ಕೆಂಪು ಪುಡಿ ಕೈಗೆ ಹತ್ತುತ್ತದೆ, ಕೈಯಿಂದ ರೊಟ್ಟಿಗೆ, ರೊಟ್ಟಿಯಿಂದ ಮಗುವಿನ ಬಾಯಿಗೆ. ಆದುದರಿಂದ ಹೆಸರು-ವಿಳಾಸವಿಲ್ಲದ ಪುಡಿಯನ್ನು ಖಾನೆಗೆ ಸೇರಿಸದಿರುವುದು, ಭರಣಿಗೆ ಬಿಗಿಯಾದ ಮುಚ್ಚಳವಿರುವುದು, ಕುಂಕುಮವಿಟ್ಟ ಕೈಯನ್ನು ತೊಳೆದು ಮುಂದಿನ ಕೆಲಸಕ್ಕೆ ಹೋಗುವುದು ಅವಶ್ಯ.

ಕನ್ನಡಿಗೆ ಅಂಟಿಸಿದ ಟಿಕಳಿಗಳ ವಿಷಯ. ನಿನ್ನೆ ತೆಗೆದುದನ್ನು ಇಂದು, ಇಂದಿನದನ್ನು ನಾಡಿದ್ದು ಹಚ್ಚುವ ಈ ಮಿತವ್ಯಯವನ್ನು ನಾವು ಹಳಿಯಲಾರೆವು. ಆದರೆ ಅಂಟಿನ ಮೇಲೆ ಧೂಳು ಕೂಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಲವು ಟಿಕಳಿಗಳ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕವು ಚರ್ಮದ ಬಣ್ಣ ತಯಾರಿಸುವ ಕಣಗಳನ್ನು ಕೊಲ್ಲುತ್ತದೆ. ಬೊಟ್ಟಿನ ಜಾಗದಲ್ಲಿ ಬಿಳಿಯ ಕಲೆ ಉಳಿಯುತ್ತದೆ. ನಮ್ಮ ಸಮಾಜದಲ್ಲಿ ಬಿಳಿಯ ಕಲೆಯೆಂದರೆ ಏನೆಂಬುದನ್ನು, ಮದುವೆಗೆ ಬೆಳೆದ ಮಗಳಿರುವ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುರಿಕೆ ಕಂಡ ದಿನವೇ ಟಿಕಳಿ ಬಿಡಬೇಕು, ರಾತ್ರಿ ಮಲಗುವಾಗ ತೆಗೆಯಬೇಕು, ಕಲೆ ಕಂಡರೆ ಚರ್ಮವೈದ್ಯರಲ್ಲಿಗೆ ಹೋಗಬೇಕು.

ಎಲ್ಲಕ್ಕೂ ಹೆಚ್ಚು ಭಯ ಹುಟ್ಟಿಸುವ ವಸ್ತು ಮುಖವನ್ನು ಬಿಳುಪು ಮಾಡುವ ಹೆಸರಿಲ್ಲದ ಕ್ರೀಮು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು 2021ರ ಜುಲೈದಿಂದ 2023ರ ಸೆಪ್ಟೆಂಬರಿನವರೆಗೆ ತಮ್ಮಲ್ಲಿಗೆ ಬಂದ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯ ಕಾಯಿಲೆ ಅಪರೂಪದ ಒಂದೇ ಜಾತಿಯದು. ಆ 15ರಲ್ಲಿ 13 ಮಂದಿ ಇಂಥ ಬಿಳುಪಿನ ಕ್ರೀಮುಗಳನ್ನು ಹಚ್ಚುತ್ತಿದ್ದವರು. ಕ್ರೀಮಿನೊಳಗಿನ ಪಾದರಸವು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಕಾಲು ಬಾವು ಬರುವುದು, ಮೂತ್ರದಲ್ಲಿ ನೊರೆ ಕಾಣುವುದು ಅದರ ಲಕ್ಷಣಗಳು. ಅದೇ 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆಯು ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿತು. ಕಾಸರಗೋಡಿನ ನಮ್ಮ ಓದುಗರಿಗೆ ಇದು ನೆನಪಿರಬಹುದು. ನಮ್ಮ ದೇಶವು 2018ರಲ್ಲಿ ಸೇರಿದ ಮಿನಮಾಟಾ ಒಪ್ಪಂದ ನಡೆದಿರುವುದೇ ಪಾದರಸದ ಬಳಕೆಯನ್ನು ತಡೆಯಲು. ಹೀಗಿದ್ದರೂ ತಯಾರಕರ ವಿಳಾಸವಿಲ್ಲದ ಡಬ್ಬಿಗಳು ಜಾತ್ರೆಯಲ್ಲಿ, ಬ್ಯೂಟಿ ಪಾರ್ಲರಿನ ಮೂಲೆಯಲ್ಲಿ, ಪರದೇಶಕ್ಕೆ ಹೋಗಿಬಂದವರ ಚೀಲದಲ್ಲಿ ಸಿಗುತ್ತಲೇ ಇವೆ. ಯಾದಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂಬ ಮಾತು ಕಂಡರೆ, ಅಥವಾ ಯಾದಿಯೇ ಇಲ್ಲದಿದ್ದರೆ, ಅದು ಮನೆಯಲ್ಲಿರತಕ್ಕದ್ದಲ್ಲ. ಹಚ್ಚಿಕೊಂಡವರ ಟವೆಲ್ಲಿನಿಂದ, ಕೈಯಿಂದ ಅದು ಕೂಸಿಗೂ ಹತ್ತುತ್ತದೆ.

ಇದರ ಜೊತೆಗೆ ಸೇರಿಸಿ ನೋಡಬೇಕಾದುದು ಔಷಧದ ಟ್ಯೂಬುಗಳು. ಬೆಟಾಮೆಥಸೋನ್, ಕ್ಲೋಬಿಟಸಾಲ್, ಮೊಮೆಟಸೋನ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್ ಔಷಧ. ನೆರೆಮನೆಯವಳ ಮುಖ ತಿಳಿಯಾಯಿತೆಂದು ತಂದು ಹಚ್ಚಿದರೆ ಮೊದಲು ಬಿಳುಪೇರಿ, ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ-ಕೂದಲು ಎದ್ದು ನಿಲ್ಲುತ್ತವೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಔಷಧವು ಔಷಧದ ಪೆಟ್ಟಿಗೆಯಲ್ಲಿರಲಿ. ಕನ್ನಡಿಯ ಮುಂದೆ ಅದಕ್ಕೆ ಜಾಗವಿಲ್ಲ.

ಇಡುವ ರೀತಿ

ರಾಶಿ ಕರಗಿ ಉಳಿದುದು ಕೈಬೆರಳೆಣಿಕೆಯ ವಸ್ತುಗಳಾದರೆ ಇಡುವುದು ಕಷ್ಟವಲ್ಲ. ಮೇಜು ಎಲ್ಲಿರಬೇಕೆಂಬುದೇ ಮೊದಲ ಪ್ರಶ್ನೆ. ಸೊಲ್ಲಾಪುರದ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಪತ್ರಾಸಿನ ಛಾವಣಿಯ ಕೆಳಗಿನ ಕೋಣೆ ಇನ್ನೂ ಕಾಯುತ್ತದೆ. ಲಿಪ್‌ಸ್ಟಿಕ್ ಬೆವರುವುದು, ಕ್ರೀಮಿನ ಎಣ್ಣೆ-ನೀರು ಬೇರೆಯಾಗುವುದು ಈ ಕಾವಿನಿಂದ. ಸುಗಂಧದ ಒತ್ತುಡಬ್ಬಿಗಳನ್ನು 50 ಡಿಗ್ರಿ ಮೀರಿದ ಕಾವಿಗೆ ಒಡ್ಡಬಾರದೆಂದು ಅವುಗಳ ಮೇಲೆಯೇ ಬರೆದಿರುತ್ತದೆ. ಆದ್ದರಿಂದ ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ. ಕಿಟಕಿಯ ಬೆಳಕು ಕನ್ನಡಿಯ ಮೇಲಲ್ಲ, ಎದುರು ನಿಂತವರ ಮುಖದ ಮೇಲೆ ಬೀಳುವಂತಿರಬೇಕು. ಮೇಜಿನ ಬೆನ್ನನ್ನು ಎರಡು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿಸಿರಿ. ಖಾನೆಯನ್ನು ಮೆಟ್ಟಿಲು ಮಾಡಿಕೊಂಡು ಹತ್ತುವ ಮಗುವಿನ ಮೇಲೆ ಆಳೆತ್ತರದ ಗಾಜು ಬೀಳದಿರಲಿ. ಕರೆಂಟು ಹೋದಾಗ ಮೇಣಬತ್ತಿಯನ್ನು ಈ ಮೇಜಿನ ಮೇಲೆ ಹಚ್ಚಿಡುವುದು ಹಲವು ಮನೆಗಳ ರೂಢಿ. ಉಗುರು ಬಣ್ಣ ಒರೆಸುವ ಅಸಿಟೋನ್ ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುವ ವಸ್ತುವೆಂಬುದನ್ನು ಅವರು ನೆನೆಯಬೇಕು.

ಖಾನೆಯನ್ನು ಪಾಲು ಮಾಡಲು ಪೇಟೆಯಿಂದ ಪ್ಲಾಸ್ಟಿಕ್ಕಿನ ತಟ್ಟೆಗಳನ್ನು ತರಬೇಕಾಗಿಲ್ಲ. ನಾವು ಶಿಕ್ಷಕ ತರಬೇತಿಯಲ್ಲಿದ್ದಾಗ ತಾರಾಬಾಯಿ ಮೋಡಕ (1892–1973) ಅವರ ಕಾರ್ಯದ ಬಗ್ಗೆ ಓದಿದ್ದೆವು. ಅವರು 1945ರಲ್ಲಿ ಬೋರ್ಡಿಯಲ್ಲಿ ಬಾಲವಾಡಿ ಆರಂಭಿಸಿದಾಗ, ಮಾಂಟೆಸ್ಸರಿಯವರ ದುಬಾರಿ ಸಾಧನಗಳ ಬದಲು ಹಳ್ಳಿಯಲ್ಲಿ ಸಿಗುವ ವಸ್ತುಗಳಿಂದಲೇ ಕಲಿಕೆಯ ಸಾಮಗ್ರಿಯನ್ನು ಹೊಂದಿಸಿದರು. ಅದೇ ಬುದ್ಧಿಯನ್ನು ಇಲ್ಲಿಯೂ ಓಡಿಸಬಹುದು. ಮೂಲೆ ಸೇರಿದ ಹಳೆಯ ಒಗ್ಗರಣೆ ಡಬ್ಬಿಯ ಏಳು ಬಟ್ಟಲುಗಳಲ್ಲಿ ಪಿನ್ನು, ಕ್ಲಿಪ್ಪು, ಟಿಕಳಿಯ ಹಾಳೆ, ಕಿವಿಯೋಲೆಗಳು ಅಚ್ಚುಕಟ್ಟಾಗಿ ಕೂಡುತ್ತವೆ. ಮಿಠಾಯಿಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಜೋಡಿಸಿದರೆ ಖಣಗಳಾದವು. ಅಜ್ಜಿಯ ಪೆಟ್ಟಿಗೆಯೇ ಮರಳಿ ಬಂದಂತೆ. ಹಣಿಗೆಗಳನ್ನು ಸ್ಟೀಲ್ ಲೋಟದಲ್ಲಿ ಹಲ್ಲು ಮೇಲಾಗಿ ನಿಲ್ಲಿಸಿ, ಮನೆಯಲ್ಲಿ ತಲೆಗೊಂದರಂತೆ ಬೇರೆ ಬೇರೆ ಬಣ್ಣದವನ್ನಿಡಿ. ಹೇನಿನ ಹಾವಳಿಗೆ ಇದಕ್ಕಿಂತ ಅಗ್ಗದ ತಡೆ ಬೇರೊಂದಿಲ್ಲ. ಕುಂಕುಮದ ದೊಡ್ಡ ಡಬ್ಬಿ ಒಣ ಜಾಗದಲ್ಲಿ ಒಳಗಿರಲಿ. ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಭರಣಿಗೆ ತುಂಬಿ, ಒದ್ದೆ ಬೆರಳು ಅದ್ದದಿರಿ.

ಪ್ರತಿಯೊಂದು ಖಣದ ಮೇಲೂ ಕನ್ನಡದಲ್ಲಿ ಚೀಟಿ ಅಂಟಿಸುವ ಕೆಲಸ ಮಗುವಿನದು. ‘ಅವ್ವನ ಕಾಡಿಗೆ’, ‘ಅಕ್ಕನ ಹಣಿಗೆ’, ‘ಮುಖದ ಕ್ರೀಮು, ತೆರೆದದ್ದು ಯುಗಾದಿಗೆ’. ಅಜ್ಜಿ ಓದಬಲ್ಲಳು, ಮಗುವಿನ ಅಕ್ಷರವೂ ತಿದ್ದುತ್ತದೆ. ‘ಕಂಗವಾ’ ಎಂದು ಬರೆದು ತಂದರೆ ಬೈಯಬೇಡಿ. ಮರಾಠಿಯ ಆ ಮಾತಿನ ಪಕ್ಕದಲ್ಲಿ ಹಣಿಗೆ ಎಂದು ಇನ್ನೊಮ್ಮೆ ಬರೆಸಿದರಾಯಿತು.

ಬೀಗದೊಳಗಿರಬೇಕಾದ ಒಂದು ವಸ್ತುವಿದೆ: ಕೂದಲಿನ ಕಪ್ಪು ಬಣ್ಣ. ಅದರಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಹಲವರ ಚರ್ಮಕ್ಕೆ ಒಗ್ಗದು; ಹಚ್ಚುವ ಎರಡು ದಿನ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡಬೇಕು. ಕಾಲು ಗಂಟೆಯಲ್ಲಿ ಕಪ್ಪೇರುವ ಮೆಹಂದಿಯಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ. ಹೊಟ್ಟೆಗೆ ಹೋದರಂತೂ ಗಂಟಲು ಬಾತು ಉಸಿರು ಕಟ್ಟುತ್ತದೆ, ಮೂತ್ರಪಿಂಡ ನಿಲ್ಲುತ್ತದೆ. ಕ್ಷಣವೂ ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಬೇಕಾದ ವಿಷ ಅದು. ಅರಿಯದ ಮಕ್ಕಳಷ್ಟೇ ಅಲ್ಲ, ದುಡುಕಿನ ಗಳಿಗೆಯಲ್ಲಿ ಅರಿತವರ ಕೈಗೂ ಅದು ಸಿಗದಂತಿರಬೇಕು. ಬೇಕಾದಾಗ ಒಂದು ಸಲದ ಪುಡಿಕೆ ತಂದು ಮುಗಿಸಿಬಿಡುವುದೇ ನಮ್ಮ ಸಲಹೆ.

ಇನ್ನು ಎಸೆಯುವ ಮಾತು. ಕುಂಕುಮವನ್ನು ಎಸೆಯಬಾರದು, ಭರಣಿ ಬರಿದಾಗಬಾರದು ಎಂದು ನಮ್ಮ ಹೆಣ್ಣುಮಕ್ಕಳ ಮನಸ್ಸು ಹಿಂಜರಿಯುತ್ತದೆ. ಒಡೆದ ಬಳೆಗೆ ‘ವಾಢಲಿ’, ಎಂದರೆ ಬೆಳೆಯಿತು, ಎಂದು ಹೇಳುವ ನಾಡು ಇದು. ಆ ಭಾವನೆಯನ್ನು ನೋಯಿಸಬೇಕಾಗಿಲ್ಲ. ಅರಿಸಿನದ ಕುಂಕುಮವೆಂದು ಖಚಿತವಿದ್ದುದನ್ನು ಹೂವಿನ ಗಿಡದ ಬುಡಕ್ಕೆ ಹಾಕಿರಿ, ಭರಣಿಗೆ ಹೊಸದನ್ನು ತುಂಬಿದ ಮೇಲೆ. ಆದರೆ ಸಂಶಯದ ಸಿಂಧೂರವನ್ನೂ ಹೆಸರಿಲ್ಲದ ಕ್ರೀಮನ್ನೂ ಬಾವಿಗೆ, ಹಳ್ಳಕ್ಕೆ, ತುಳಸಿಕಟ್ಟೆಗೆ ಹಾಕಬೇಡಿ, ಒಲೆಗಂತೂ ಬೇಡವೇ ಬೇಡ. ಪಾದರಸ ಹೊಗೆಯಾಗಿ ಮನೆಯವರ ಎದೆಗೇ ಸೇರುತ್ತದೆ. ಎರಡು ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ತಾಲೂಕಿನ ಊರಿನಲ್ಲಿ ಕಸ ಬೇರ್ಪಡಿಸಿ ಒಯ್ಯುವ ಗಾಡಿಗೆ, ಅಪಾಯದ ವಸ್ತುವೆಂದು ಹೇಳಿ ಕೊಡುವುದು ಒಳಿತು.

ಖಾನೆ ಯಾರದು?

ಇಷ್ಟನ್ನೆಲ್ಲ ಓದಿ ಯಾರಾದರೂ ಗೃಹಸ್ಥರು ಹೆಂಡತಿಯ ಖಾನೆಯನ್ನು ತಾವೇ ಎಳೆದು ತಪಾಸಣೆಗೆ ಕುಳಿತಾರೆಂಬ ಅಂಜಿಕೆ ನಮಗಿದೆ. ಅದು ಸಲ್ಲದು. ಮಗಳ ಕೈಚೀಲವನ್ನಾಗಲಿ ಸೊಸೆಯ ಖಾನೆಯನ್ನಾಗಲಿ ಕೇಳದೆ ತೆರೆಯುವವರಿಗೆ ನಮ್ಮ ಈ ಬರಹ ಉಪಯೋಗವಿಲ್ಲ. ಓದಿ ಹೇಳಬಹುದು, ಬೀಗ ತಂದುಕೊಡಬಹುದು, ಗೋಡೆಗೆ ಮೊಳೆ ಹೊಡೆಯಬಹುದು. ಏನು ಇಡಬೇಕು, ಏನು ತೆಗೆಯಬೇಕು ಎಂಬುದು ಖಾನೆಯವರ ಅಧಿಕಾರ.

ಈ ಅಧಿಕಾರ ಎಷ್ಟು ಬಲಹೀನವಾದುದೆಂಬುದು ಮನೆಯ ಯಜಮಾನ ತೀರಿಕೊಂಡ ದಿನ ಕಾಣುತ್ತದೆ. ಕುಂಕುಮ ಅಳಿಸಿ, ಬಳೆ ಒಡೆದು ಮುಗಿಯುವಷ್ಟರಲ್ಲಿ ಬಂಧುಗಳಲ್ಲಿ ಯಾರೋ ಒಬ್ಬರು ಒಳಗೆ ಹೋಗಿ ಕನ್ನಡಿಯ ಖಾನೆಯನ್ನು ಬರಿದು ಮಾಡಿರುತ್ತಾರೆ. ಭರಣಿ ಒಬ್ಬರ ಪಾಲು, ಬಳೆಯ ಕೋಲು ಇನ್ನೊಬ್ಬರ ಪಾಲು. ಕೆಲವು ಕಡೆ ಕನ್ನಡಿಗೇ ಬಟ್ಟೆ ಮುಚ್ಚುತ್ತಾರೆ. ಮೂವತ್ತು ವರುಷ ಒಬ್ಬಳು ದಿನವೂ ಎಳೆದು ತೆರೆದ ಖಾನೆ ಅವಳದಾಗಿರಲೇ ಇಲ್ಲ, ಗಂಡನ ಆಯುಷ್ಯದ ಲೆಕ್ಕದಲ್ಲಿ ಕಡ ಕೊಟ್ಟುದಾಗಿತ್ತು ಎಂಬಂತೆ!

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೆರವಾಡ ನಮ್ಮಂತೆಯೇ ಗಡಿಯ ಹಳ್ಳಿ. ಅಲ್ಲಿಯ ಗ್ರಾಮಸಭೆ 2022ರ ಮೇ ತಿಂಗಳಲ್ಲಿ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ಮಂಗಳಸೂತ್ರ ತೆಗೆಯುವುದು ಇವನ್ನೆಲ್ಲ ನಿಲ್ಲಿಸುವ ಠರಾವನ್ನು ಮಾಡಿತು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರವು ಉಳಿದ ಗ್ರಾಮಗಳೂ ಇದನ್ನು ಅನುಸರಿಸುವಂತೆ ಸುತ್ತೋಲೆ ಕಳುಹಿಸಿತು. ಸುತ್ತೋಲೆಗಳ ಗತಿಯನ್ನು ನಾವು ಸರ್ಕಾರಿ ಶಾಲೆಯವರು ಬಲ್ಲೆವು; ಫೈಲಿನಲ್ಲಿ ಅವು ಬಹುಕಾಲ ಸುಖವಾಗಿರುತ್ತವೆ. ಮನೆಯ ಮಟ್ಟಿಗೆ ಮಕ್ಕಳು ಮಾಡಬಹುದಾದುದು ಒಂದಿದೆ. ಆ ದಿನ ಬೇರೆಲ್ಲ ಗದ್ದಲದ ಮೊದಲು ತಾಯಿಯ ಖಾನೆಗೆ ಬೀಗ ಹಾಕಿ, ಕೈಯನ್ನು ತಮ್ಮಲ್ಲಿ ಇಟ್ಟುಕೊಂಡು, ಹದಿಮೂರು ದಿನ ಕಳೆದ ಮೇಲೆ ತಾಯಿಗೇ ಕೊಡುವುದು.

ನಮ್ಮೂರಿನ ಒಂದು ಮನೆಯಲ್ಲಿ ಮಗಳು ಹೀಗೆಯೇ ಮಾಡಿದಳು. ಆ ತಾಯಿ ಈಗಲೂ ತಮ್ಮ ಖಾನೆಯಲ್ಲಿ ಹರಳೆಣ್ಣೆಯ ಶೀಸೆ, ಮರದ ಹಣಿಗೆ, ಚಂದನದ ಪುಡಿ ಹಾಗೂ ಒಂದು ಡಜನ್ ಹಸಿರು ಬಳೆಗಳನ್ನು ಇಟ್ಟುಕೊಂಡಿದ್ದಾರೆ. ಬಳೆಗಳನ್ನು ತೊಡುವುದಿಲ್ಲ. ಬೀಗದ ಕೈ ಮಾತ್ರ ಅವರ ಸೆರಗಿನ ತುದಿಯ ಗಂಟಿನಲ್ಲಿದೆ.